ಮಹದೇವಸ್ವಾಮಿಯವರು ಕ್ಯಾಮೆರಾ ಇಲ್ಲದೆ ತೆಗೆದ ಸಿನಿಮಾ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗಿಳಿಯುತ್ತದೆ. ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಈಗ ಮಹದೇವಸ್ವಾಮಿಯವರ ಸ್ಟುಡಿಯೋದಲ್ಲಿ ಆಲ್ಬಮ್ಮಿನ ಹಾಳೆ ಜೋಡಿಸುತ್ತೇನೆ. ಆದರೆ ಇಲ್ಲಿರುವುದನ್ನೆಲ್ಲ ಎರಡೆರಡು ಸಲ ಕೇಳಿ ತಿಳಿದುಕೊಂಡೇ ಬರೆದಿದ್ದೇನೆ. ನಾನು ನೋಡದೆ ಇದ್ದದ್ದನ್ನು ಮಹದೇವಸ್ವಾಮಿಯವರು ಹೇಳಿದ್ದಾರೆ, ಅವರು ಮರೆತದ್ದನ್ನು ಅವರ ಹೆಂಡತಿ ಕುಸುಮಕ್ಕ ನೆನಪಿಸಿದ್ದಾರೆ. ಇಬ್ಬರೂ ಬೇರೆ ಬೇರೆ ಹೇಳಿದ ಕಡೆ ಕುಸುಮಕ್ಕ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ.

ಮಹದೇವಸ್ವಾಮಿಯವರ ಸ್ಟುಡಿಯೋ ಬೋಗಾದಿಯಲ್ಲಿದೆ. ಇಪ್ಪತ್ತೆರಡು ವರ್ಷದಿಂದ ಅವರು ಮದುವೆಗಳ ವಿಡಿಯೋ ತೆಗೆಯುತ್ತಿದ್ದಾರೆ. ಮೈಸೂರಿನಲ್ಲಿ ಅವರು ಹಿಂದೆ ಹಿಂದೆ ನಡೆಯದ ಛತ್ರವಿಲ್ಲ. ಹಿಂದೆ ಹಿಂದೆ ಏಕೆಂದರೆ, ಹುಡುಗಿ ಮಂಟಪದ ಕಡೆಗೆ ಬರುತ್ತಿದ್ದರೆ ವಿಡಿಯೋದವರು ಅವಳ ಮುಖ ಬಿಡದೆ, ಬೆನ್ನು ಮುಂದೆ ಮಾಡಿಕೊಂಡು ನಡೆಯಬೇಕು. ಮೆಟ್ಟಿಲು, ಹೂವಿನ ಕುಂಡ, ಜಮಖಾನದ ಮೇಲೆ ಮಲಗಿದ ಕೂಸು, ಯಾವುದನ್ನೂ ಅವರ ಹಿಮ್ಮಡಿ ಇವತ್ತಿನವರೆಗೆ ತುಳಿದಿಲ್ಲ. "ನಮ್ಮೆಜಮಾನ್ರಿಗೆ ಬೆನ್ನಲ್ಲೂ ಒಂದು ಜೊತೆ ಕಣ್ಣಿದೆ. ಮುಖದಲ್ಲಿರೋ ಜೊತೆಗೆ ಮಾತ್ರ ಉಪ್ಪಿನ ಡಬ್ಬ ಕಾಣಲ್ಲ" ಎನ್ನುತ್ತಾರೆ ಕುಸುಮಕ್ಕ.

ಮದುವೆಯ ವಿಡಿಯೋದಲ್ಲಿ ಒಂದು ಸುಖವಿದೆ. ಮುಂದೇನು ಎಂದು ತೆಗೆಯುವವರು ಯೋಚಿಸಬೇಕಾಗಿಲ್ಲ, ಪುರೋಹಿತರು ಯೋಚಿಸಿರುತ್ತಾರೆ. ವರಪೂಜೆ ಆದಮೇಲೆ ಏನು, ಧಾರೆ ಆದಮೇಲೆ ಏನು, ಎಲ್ಲ ಮೊದಲೇ ಗೊತ್ತಾಗಿರುತ್ತದೆ. ನಡೆಯುವುದು ನಡೆಯುತ್ತದೆ, ಮಹದೇವಸ್ವಾಮಿಯವರು ಅದರ ಹಿಂದೆ ಓಡುತ್ತಾರೆ. ಇಪ್ಪತ್ತೆರಡು ವರ್ಷ ಹೀಗೆ ಓಡಿದ ಮನುಷ್ಯ ನಲವತ್ತೆಂಟನೇ ವಯಸ್ಸಿನಲ್ಲಿ ತಾನೇ ಒಂದು ಸಿನಿಮಾ ಮಾಡುತ್ತೇನೆಂದು ಹೊರಟರು. ಒಂದು ಗಂಟೆಯ ಸಿನಿಮಾ. ಕ್ಯಾಮೆರಾವೂ ಅವರದೇ, ಕತೆಯೂ ಅವರದೇ. ನಾಲ್ಕು ವರ್ಷ, ಛತ್ರಗಳಲ್ಲಿ ಬಿಡುವು ಸಿಕ್ಕಾಗಲೆಲ್ಲ, ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆದ ಕತೆ.

ಕತೆ ಇಷ್ಟೇ. ಅಣ್ಣ ತಮ್ಮ ಇಬ್ಬರೂ ಒಂದೇ ಮನೆಯನ್ನು ಸೀಮೆಸುಣ್ಣದ ಗೆರೆ ಎಳೆದು ಪಾಲು ಮಾಡಿಕೊಂಡಿದ್ದಾರೆ. ಗೆರೆ ಸರಿಯಾಗಿ ಹಜಾರದ ಉಯ್ಯಾಲೆಯ ಕೆಳಗೆ ಹಾದುಹೋಗಿದೆ. ಹಾಗಾಗಿ ಉಯ್ಯಾಲೆಯಲ್ಲಿ ಯಾರೂ ಕೂರುವಂತಿಲ್ಲ. ತಮ್ಮ ಜಗಳವಾಡಿ ಮನೆ ಬಿಟ್ಟು ಹೋಗುತ್ತಾನೆ, ವಾಪಸ್ ಬರುತ್ತಾನೆ. ಕೊನೆಗೆ, ಇನ್ನೊಬ್ಬ ಕೂತುಬಿಟ್ಟಾನೆಂಬ ಹೆದರಿಕೆಗೆ ಇಬ್ಬರೂ ಒಂದೇ ಗಳಿಗೆಯಲ್ಲಿ ಕೂತುಬಿಡುತ್ತಾರೆ. ಅಣ್ಣನ ಪಾತ್ರಕ್ಕೆ ಕೃಷ್ಣಸ್ವಾಮಿಯವರು. ಅಂಚೆ ಕಚೇರಿಯಿಂದ ನಿವೃತ್ತರು, ಹವ್ಯಾಸಿ ನಾಟಕಗಳಲ್ಲಿ ಮೂವತ್ತು ವರ್ಷ ರಾಜನಾದವರು. ತಮ್ಮನ ಪಾತ್ರಕ್ಕೆ ಲಷ್ಕರ್ ಮೊಹಲ್ಲಾದ ಆಟೋ ಗೋವಿಂದರಾಜು. ಬಣ್ಣ ಹಚ್ಚುತ್ತಿರುವುದು ಇದೇ ಮೊದಲು.

ಎಲ್ಲ ಸಿಕ್ಕಿತು, ಮನೆ ಸಿಗಲಿಲ್ಲ. ಹಜಾರದಲ್ಲಿ ಉಯ್ಯಾಲೆ ಇರುವ ಮನೆ ಬೇಕಲ್ಲ! ಮಹದೇವಸ್ವಾಮಿಯವರು ಹನ್ನೊಂದು ಮನೆ ಹತ್ತಿಳಿದರು. ಒಂದು ಕಡೆ ಉಯ್ಯಾಲೆಯ ಮಣೆ ಟಿವಿ ಇಡುವ ಹಲಗೆಯಾಗಿತ್ತು, ಇನ್ನೊಂದು ಕಡೆ ಸರಪಳಿ ಗೇಟಿಗೆ ಹೋಗಿತ್ತು. ಹನ್ನೆರಡನೆಯದು ಕೃಷ್ಣಮೂರ್ತಿಪುರಂನ ರಮಾಮಣಿಯವರ ಮನೆ. ಉಯ್ಯಾಲೆ ಇತ್ತು. ಅದನ್ನು ನೋಡಿದ ಕೂಡಲೇ ಮಹದೇವಸ್ವಾಮಿಯವರಿಗೆ ಕುಣಿಯಬೇಕೆನಿಸಿತಂತೆ. ಆದರೆ ರಮಾಮಣಿಯವರೂ ಇದ್ದರು.

ರಮಾಮಣಿಯವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಆಗಿದ್ದವರು. ಹನ್ನೊಂದು ವರ್ಷದ ಹಿಂದೆ ಅವರ ಮಗಳು ಅನನ್ಯಳ ಮದುವೆಯ ವಿಡಿಯೋ ತೆಗೆದದ್ದು ಮಹದೇವಸ್ವಾಮಿಯವರೇ. ಅದು ಅವರಿಗೆ ಮರೆತಿತ್ತು. ಮೇಡಂಗೆ ಮರೆತಿರಲಿಲ್ಲ.

"ಧಾರೆ ಎರೆಯೋ ಹೊತ್ತಿಗೆ ನೀವು ಎಲ್ಲಿದ್ರಿ ಮಹದೇವಸ್ವಾಮಿ? ಇವತ್ತಾದ್ರೂ ಹೇಳಿ."

"ಮೇಡಂ, ಪುರೋಹಿತರು ಇನ್ನೂ ಹೊತ್ತಿದೆ ಅಂದಂಗಿತ್ತು..."

"ವಿಡಿಯೋದಲ್ಲಿ ಧಾರೆ ಇಲ್ಲ. ಅಡುಗೆಯವರು ಹಪ್ಪಳ ಕರೀತಿರೋದು ನಾಲ್ಕು ನಿಮಿಷ ಇದೆ. ನನ್ನ ಅಳಿಯನ ಕಡೆಯವರು ಇವತ್ತಿಗೂ ಅದನ್ನ ಹಾಕ್ಕೊಂಡು ನಗ್ತಾರೆ."

"ಹಪ್ಪಳ ಚೆನ್ನಾಗಿ ಬಂದಿತ್ತು ಮೇಡಂ" ಎಂದು ಹೇಳಿ, ಹೇಳಿದ ಮೇಲೆ ಮಹದೇವಸ್ವಾಮಿಯವರು ನಾಲಿಗೆ ಕಚ್ಚಿಕೊಂಡರು.

ಮೇಡಂ ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ಹೇಳಿದರು: "ಶನಿವಾರ, ಭಾನುವಾರ, ಎರಡು ದಿನ ಮನೆ ಕೊಡಬಹುದು. ಸೋಮವಾರ ಗೋಡೆಗೆ ಬಣ್ಣ ಹೊಡೆಯೋರು ಬರ್ತಾರೆ. ಅವರು ಬಂದ್ರೆ ತಿಂಗಳು ಹೋಗಲ್ಲ, ಉಯ್ಯಾಲೆನೂ ಇಳಿಸ್ತಾರೆ. ಆದ್ರೆ ಒಂದು ಷರತ್ತು. ಹಿಂದಿನ ಗುರುವಾರ ಸಾಯಂಕಾಲ ನಾಲ್ಕಕ್ಕೆ ಬಂದು, ಕ್ಯಾಮೆರಾ ಇಲ್ಲದೆ, ಇಡೀ ಸಿನಿಮಾ ನನ್ನ ಮುಂದೆ ನಡೆಸಿ ತೋರಿಸಿ. ಯಾರು ಎಲ್ಲಿ ನಿಲ್ತಾರೆ, ಎಲ್ಲಿಂದ ಎಲ್ಲಿಗೆ ಹೋಗ್ತಾರೆ, ಆಮೇಲೆ ಏನು, ಎಲ್ಲ. ನಿಮಗೆ ಮುಂದೇನು ಅಂತ ಗೊತ್ತಿಲ್ಲ ಅನ್ನಿಸ್ತೋ, ಗೇಟಿಗೆ ಬೀಗ."

ಹತ್ತು ದಿನ ಉಳಿದಿತ್ತು. ಆ ಮನೆ ತಪ್ಪಿದರೆ ಸಿನಿಮಾ ಇಲ್ಲ. ಮಹದೇವಸ್ವಾಮಿಯವರು ಬೋಗಾದಿಗೆ ಬರುವಷ್ಟರಲ್ಲಿ ಎರಡು ಸಲ ತಮ್ಮ ಸ್ಕೂಟರಿನ ಇಂಡಿಕೇಟರ್ ಆರಿಸುವುದನ್ನು ಮರೆತರು.

ಅವತ್ತೇ ಸಾಯಂಕಾಲ ಕೂತು ಶಾಟುಗಳ ಪಟ್ಟಿ ಮಾಡಿದರು. ಮುನ್ನೂರ ಹನ್ನೆರಡು ಶಾಟು ಆಯಿತು. ಕುಸುಮಕ್ಕ ಹುರುಳಿಕಾಯಿ ಸೋಸುತ್ತ ಅದನ್ನು ಗಟ್ಟಿಯಾಗಿ ಓದಿದರು.

"'ಅಣ್ಣನ ಕ್ಲೋಸಪ್. ತಮ್ಮನ ಕ್ಲೋಸಪ್. ಎದುರುಮನೆಯಿಂದ ನೋಡುವವರು ಎಂಟು ಜನ, ಒಬ್ಬೊಬ್ಬರೇ.' ಇವರ್ಯಾರ್ರೀ ಎಂಟು ಜನ?"

"ಅಕ್ಕಪಕ್ಕದೋರು ಕಣೇ. ಯಾರನ್ನೂ ಬಿಡಕ್ಕಾಗಲ್ಲ. ಆಮೇಲೆ ನಮ್ಮನ್ನ ತೆಗೀಲೇ ಇಲ್ಲ ಅಂತ ಬೇಜಾರು ಮಾಡ್ಕೋತಾರೆ."

"ಯಾರು ಬೇಜಾರು ಮಾಡ್ಕೊಳೋದು? ಇಲ್ಲದೇ ಇರೋ ಜನಾನ?"

ಮಹದೇವಸ್ವಾಮಿಯವರು ಯೋಚಿಸಿದರು. ನಿಜವಾಗಿಯೂ ಅಷ್ಟು ಹೊತ್ತು ಅವರಿಗೆ ಅದು ಹೊಳೆದಿರಲಿಲ್ಲ. ಆಮೇಲೆ ನಗು ಹತ್ತಿತು. ಕುಸುಮಕ್ಕನಿಗೂ ಹತ್ತಿತು. ಇಬ್ಬರೂ ಒಬ್ಬೊಬ್ಬ ನೆಂಟನನ್ನು ಹೊಡೆದುಹಾಕುತ್ತ ಹೋದರು: ಎದುರುಮನೆಯವರು ಹೋದರು, ಸೋದರಮಾವ ಹೋದ, ಕಾರಣವೇ ಇಲ್ಲದೆ ಕೈಮುಗಿಯುತ್ತಿದ್ದ ಅಜ್ಜಿ ಹೋದಳು. ಕೊನೆಗೆ ತೊಂಬತ್ತನಾಲ್ಕು ಶಾಟು ಉಳಿಯಿತು.

ಅದನ್ನೂ ಅವರು ಕತೆ ನಡೆಯುವ ಕ್ರಮದಲ್ಲೇ ಬರೆದಿದ್ದರು, ಮದುವೆಯ ಹಾಗೆ. ಹಜಾರ, ಗೇಟು, ಹಜಾರ, ಅಡುಗೆಮನೆ, ಮತ್ತೆ ಗೇಟು. ಕುಸುಮಕ್ಕ ಬೆರಳು ಮಡಿಸಿ ಎಣಿಸಿ, "ಲೈಟು ಹೊತ್ಕೊಂಡು ಹತ್ತೊಂಬತ್ತು ಸಲ ಗೇಟಿಗೂ ಹಜಾರಕ್ಕೂ ಓಡಾಡ್ತೀರ. ಎಲೆಗೆ ಪಾಯಸ ಮೊದ್ಲು ಬರುತ್ತೆ ಅಂತ ನಾನು ಒಲೆಗೂ ಪಾಯಸಾನೇ ಮೊದ್ಲು ಇಡ್ತೀನಾ?" ಎಂದರು.

ಮಹದೇವಸ್ವಾಮಿಯವರು ದಿಗ್ಗನೆ ಎದ್ದರು. ಕತೆಯ ಲಗ್ನಪತ್ರಿಕೆಗಳನ್ನೆಲ್ಲ ತಂದು ನೆಲದ ಮೇಲೆ ಹರಡಿದರು. ಹಜಾರದಲ್ಲಿ ನಡೆಯುವುದೆಲ್ಲ ಒಂದು ರಾಶಿ, ಅಡುಗೆಮನೆಯದು ಒಂದು ರಾಶಿ, ಗೇಟಿನದು ಒಂದು. ಗಣಪತಿಯ ಚಿತ್ರ ಮೇಲೆ ಬಂದ ಪತ್ರಿಕೆಯನ್ನು ಕುಸುಮಕ್ಕ ಗಂಡನಿಗೆ ದಾಟಲು ಬಿಡದೆ ತಿರುಗಿಸಿ ಇಟ್ಟರು. ಒಂದು ಗಂಟೆಯಲ್ಲಿ ಎರಡು ದಿನದ ಕೆಲಸ ಮೂರು ರಾಶಿಯಾಗಿ ಕಣ್ಣ ಮುಂದೆ ಕೂತಿತು. ನಾಲ್ಕು ವರ್ಷದಲ್ಲಿ ತನ್ನ ಸಿನಿಮಾ ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು ಎಂದರು ಮಹದೇವಸ್ವಾಮಿಯವರು.

ಆಮೇಲಿನ ದಿನಗಳಲ್ಲಿ ಅವರು ನೆಲದ ಮೇಲೆ ನಡೆಯುವುದನ್ನೇ ಬಿಟ್ಟರು, ಹಾರುತ್ತಿದ್ದರು. ಮೂರು ದಿನ ಬೆಳಿಗ್ಗೆ ರಮಾಮಣಿಯವರ ಮನೆಯ ಹಜಾರದಲ್ಲಿ ಕೂತು ಬಿಸಿಲು ಎಲ್ಲೆಲ್ಲಿ ಬೀಳುತ್ತದೆಂದು ಗಡಿಯಾರ ನೋಡಿ ಬರೆದುಕೊಂಡರು. ಗೋಡೆಗೆ ಕೈಯಿಟ್ಟು ಅಳೆದರು, ಕಿಟಕಿ ತೆಗೆದು ಮುಚ್ಚಿದರು. ಅದನ್ನು ನೋಡಿದ ಪಕ್ಕದವರು ಮನೆ ಮಾರಾಟಕ್ಕಿದೆ ಎಂದುಕೊಂಡರು, ಮೇಡಂಗೆ ಇಬ್ಬರು ಬ್ರೋಕರ್‌ಗಳು ಫೋನ್ ಮಾಡಿದರು. ಉಯ್ಯಾಲೆಯ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ ಒಂಬತ್ತು ನಲವತ್ತರಿಂದ ಹತ್ತು ಐದರವರೆಗೆ ಮಾತ್ರ. ಶನಿವಾರ ಆ ಹೊತ್ತು ರಾಹುಕಾಲ. ಅಣ್ಣ ತಮ್ಮ ಒಂದಾಗುವುದನ್ನು ರಾಹುಕಾಲದಲ್ಲಿ ತೆಗೆಯಲು ಕೃಷ್ಣಸ್ವಾಮಿಯವರು ಸುತರಾಂ ಒಪ್ಪಲಿಲ್ಲ. ಸರಿ, ಉಯ್ಯಾಲೆ ಭಾನುವಾರಕ್ಕೆ ಹೋಯಿತು, ಜಗಳ ಶನಿವಾರಕ್ಕೆ ಬಂತು. "ಜಗಳಕ್ಕೆ ರಾಹುಕಾಲ ಒಳ್ಳೇದೇ" ಎಂದರು ಕೃಷ್ಣಸ್ವಾಮಿಯವರು.

ಮನೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ರಮಾಮಣಿಯವರ ಹಜಾರ ಬರೆದು, ಕಾಫಿ ಲೋಟಗಳನ್ನು ಪಾತ್ರಗಳಂತೆ ಇಟ್ಟು ನಡೆಸಿ ನೋಡುತ್ತಿದ್ದರು. ದೊಡ್ಡ ಲೋಟ ಅಣ್ಣ, ಕುಳ್ಳ ಲೋಟ ತಮ್ಮ, ಚಪಾತಿ ಮಣೆ ಉಯ್ಯಾಲೆ.

"ರೀ, ಅಣ್ಣನ್ನ ಎತ್ಕೊಂಡೆ, ಕಾಫಿ ಬಗ್ಗಿಸ್ಬೇಕು."

"ಅಯ್ಯೋ, ಅವನೀಗ ಅಳ್ತಿದ್ದಾನೆ ಕಣೇ! ತಮ್ಮನ್ನ ತಗೋ, ಅವನು ಆಚೆ ಹೋಗಿದ್ದಾನೆ."

ನಟರನ್ನು ಸ್ಟುಡಿಯೋಗೆ ಕರೆಸಿ ತಾಲೀಮು ಮಾಡಿಸಿದಾಗ ಮಾತ್ರ ಹಳೆಯ ಅಭ್ಯಾಸ ಕೈಕೊಟ್ಟಿತು. ಅಣ್ಣ ತಮ್ಮನ ಕೊರಳಪಟ್ಟಿ ಹಿಡಿದು ಕೂಗಾಡುವ ಸನ್ನಿವೇಶ. ಮಹದೇವಸ್ವಾಮಿಯವರು ಕೈ ಎತ್ತಿ, "ಇಬ್ರೂ ಇಲ್ಲಿ ನೋಡಿ, ಸ್ವಲ್ಪ ನಗಿ" ಎಂದುಬಿಟ್ಟರು. ಗೋವಿಂದರಾಜು ಪಾಪ, ಕೊರಳಪಟ್ಟಿ ಹಿಡಿಸಿಕೊಂಡೇ ಹಲ್ಲು ಬಿಟ್ಟು ನಕ್ಕ.

"ಸ್ವಾಮಣ್ಣ, ಕ್ವಾಪದಲ್ಲಿ ನಗ್ಬೇಕಾ? ಎಂಗೆ ಯೋಳು, ಮಾಡ್ಬುಡ್ತೀನಿ."

"ಬೇಡಪ್ಪಾ, ಬೇಡ. ಬಾಯಿಗೆ ಬಂದ್ಬುಡ್ತು."

ಗುರುವಾರ ಬಂತು. ನಾಲ್ಕು ಗಂಟೆಗೆ ಎಲ್ಲರೂ ಕೃಷ್ಣಮೂರ್ತಿಪುರಂನಲ್ಲಿದ್ದರು. ರಮಾಮಣಿಯವರು ಹಜಾರದ ಕಿಟಕಿಯ ಪಕ್ಕ ಬೆತ್ತದ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಒಂದು ನೋಟ್‌ಬುಕ್ಕು, ಕೈಯಲ್ಲಿ ಕೆಂಪು ಪೆನ್ನು ಇಟ್ಟುಕೊಂಡು ಕೂತರು. ಕೆಂಪು ಪೆನ್ನು ನೋಡಿದ ಕೂಡಲೇ ಗೋವಿಂದರಾಜುವಿಗೆ ಎರಡು ಮಾತು ಮರೆತುಹೋದವು. ಮಹದೇವಸ್ವಾಮಿಯವರ ಕೈಯಲ್ಲಿ ಕ್ಯಾಮೆರಾಕ್ಕೆ ಬದಲು, ಸ್ಟುಡಿಯೋದಿಂದ ತಂದ ಗಾಜಿಲ್ಲದ ಫೋಟೋ ಫ್ರೇಮ್ ಇತ್ತು. ಅದರೊಳಗೆ ಕಂಡದ್ದು ಸಿನಿಮಾದಲ್ಲಿದೆ, ಕಾಣದ್ದು ಇಲ್ಲ.

ಮೊದಲ ಹದಿನೈದು ನಿಮಿಷ ಚೆನ್ನಾಗಿಯೇ ಹೋಯಿತು. ಕೃಷ್ಣಸ್ವಾಮಿಯವರು ಪಕ್ಕದ ಬೀದಿಗೂ ಕೇಳುವಂತೆ ಬೈದರು. ಆಮೇಲೆ ತಮ್ಮ ಸಿಟ್ಟಿನಿಂದ ಮನೆ ಬಿಟ್ಟು ಹೋಗುವ ಸನ್ನಿವೇಶ ಬಂತು. ಪಟ್ಟಿಯ ಪ್ರಕಾರ ತಮ್ಮ ಗೇಟು ದಾಟುತ್ತಾನೆ, ಅಲ್ಲಿಗೆ ಶಾಟು ಮುಗಿಯುತ್ತದೆ. "ನಾನು ಹೇಳೋವರ್ಗೂ ನಿಲ್ಬೇಡ" ಎಂದು ಮಹದೇವಸ್ವಾಮಿಯವರು ಮೊದಲೇ ಹೇಳಿದ್ದರು.

ಗೋವಿಂದರಾಜು ಗೇಟು ದಾಟಿದ. ಮಹದೇವಸ್ವಾಮಿಯವರು ಫ್ರೇಮ್ ಹಿಡಿದು, ಅವನ ಮುಖ ಬಿಡದೆ, ಹಿಂದೆ ಹಿಂದೆ ನಡೆದರು. ಇಲ್ಲಿ 'ಕಟ್' ಅನ್ನಬೇಕು. ಗೊತ್ತಿತ್ತು. ಬಾಯಿ ತೆರೆದರು. ಮಾತು ಬರಲಿಲ್ಲ.

ಏಕೆಂದರೆ ಇಪ್ಪತ್ತೆರಡು ವರ್ಷದಲ್ಲಿ ಅವರು ಯಾರನ್ನೂ ನಿಲ್ಲಿಸಿದವರಲ್ಲ. ತಾಳಿ ಕಟ್ಟುವ ಕೈಯನ್ನು ನಿಲ್ಲಿ ಎನ್ನಲಾದೀತೇ? ಇನ್ನೊಂದು ಸಲ ಕಟ್ಟಿ ಎನ್ನಲಾದೀತೇ? ಎದುರಿಗೆ ಮನುಷ್ಯ ನಡೆಯುತ್ತಿದ್ದರೆ ಅವರ ಕಾಲು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಅಷ್ಟೇ. ಗೋವಿಂದರಾಜು ನಡೆದ, ಇವರು ನಡೆದರು. ಮನೆ ಹಿಂದಾಯಿತು, ಬೀದಿ ಹಿಂದಾಯಿತು. ಸೊಪ್ಪಿನ ಗಾಡಿಯವನು ಗಾಡಿ ಎಳೆದುಕೊಂಡ. ಹಿಂದಿನಿಂದ ಕುಸುಮಕ್ಕ ಸೆರಗು ಸಿಕ್ಕಿಸಿಕೊಂಡು ಓಡಿಬಂದರು, ಅವರ ಹಿಂದೆ ಜುಬ್ಬಾ ಎತ್ತಿಕೊಂಡು ಕೃಷ್ಣಸ್ವಾಮಿಯವರು, ಅವರ ಹಿಂದೆ, ಒಂದೇ ಸಮನೆ ಹೆಜ್ಜೆ ಹಾಕುತ್ತ, ನೋಟ್‌ಬುಕ್ಕಿನ ಸಮೇತ ರಮಾಮಣಿ ಮೇಡಂ.

ಆಟೋ ಸ್ಟ್ಯಾಂಡಿನ ಹತ್ತಿರ ಯಾರೋ ಹೆಂಗಸು ಗೋವಿಂದರಾಜುವಿನ ಖಾಕಿ ಅಂಗಿ ನೋಡಿ, "ಸ್ಟೇಷನ್‌ಗೆ ಬರ್ತೀರಾ?" ಎಂದು ಕೇಳಿದರು. ಅವನು ಪಾತ್ರ ಬಿಡಲಿಲ್ಲ. "ಸಾಯೋಗಂಟ ಆ ಅಣ್ಣನ್ ಮುಖ ನೋಡಾಕಿಲ್ಲ!" ಎಂದು ಗುಡುಗಿ ಮುಂದೆ ನಡೆದ. ಆ ಹೆಂಗಸು, "ನೋಡ್ಬೇಡಿ ಬಿಡಿ, ನಂಗೇನು" ಎಂದು ಬೇರೆ ಆಟೋ ಹತ್ತಿದರು.

ಸರ್ಕಲ್ ಬಂತು. ಮಹದೇವಸ್ವಾಮಿಯವರ ಬೆನ್ನಿನ ಹಿಂದೆ ಸಿಟಿ ಬಸ್ಸು ಹಾರನ್ ಮಾಡಿತು. ಫ್ರೇಮಿನೊಳಗೆ ಗೋವಿಂದರಾಜುವಿನ ಬೆವೆತ ಮುಖ, ಅವನ ಕಣ್ಣಿನಲ್ಲಿ ಒಂದೇ ಪ್ರಶ್ನೆ. ಎಲ್ಲಿಗೆ ಹೋಗಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಆಗ ರಮಾಮಣಿಯವರ ದನಿ ಕೇಳಿಸಿತು:

"ಮಹದೇವಸ್ವಾಮಿ, ಈ ಬಸ್ಸು ನಿಮ್ಮ ಪಟ್ಟಿಯಲ್ಲಿದೆಯಾ?"

ಮಹದೇವಸ್ವಾಮಿಯವರು ಫ್ರೇಮನ್ನು ತಲೆಯ ಮೇಲೆತ್ತಿ, ಜೀವ ಇರುವಷ್ಟೂ ಗಟ್ಟಿಯಾಗಿ ಕೂಗಿದರು:

"ಕಟ್! ನಿಲ್ಲೋ!"

ಗೋವಿಂದರಾಜು ನಿಂತ. ಬಸ್ಸೂ ನಿಂತಿತು. ಎರಡು ಸ್ಕೂಟರ್ ನಿಂತವು, ಹಾಲಿನ ಟೆಂಪೋ ನಿಂತಿತು, ರಸ್ತೆ ದಾಟುತ್ತಿದ್ದವರೊಬ್ಬರು ಒಂದು ಕಾಲು ಎತ್ತಿಕೊಂಡೇ ನಿಂತರು. ಇಡೀ ಸರ್ಕಲ್ಲು ಉಸಿರು ಹಿಡಿದು ಮಹದೇವಸ್ವಾಮಿಯವರ ಮುಖ ನೋಡಿತು, ಮುಂದೇನು ಎಂದು. ಆ ಗಳಿಗೆಯನ್ನು ಹೇಳುವಾಗಲೆಲ್ಲ ಅವರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಏಕೆಂದರೆ ಮುಂದೇನು ಎಂದು ಅವರಿಗೆ ಗೊತ್ತಿತ್ತು.

"ಮೊದಲಿಂದ" ಎಂದರು. "ಗೇಟಿಂದ. ಗೇಟಿಗೆ ನಿಲ್ಲಿಸ್ತೀನಿ."

ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಏನ್ ಸಾರ್, ನಾನೂ ಡಿಪೋದಿಂದ ಬರ್ಲಾ?" ಎಂದರು. ಬಸ್ಸಿನೊಳಗಿದ್ದವರೆಲ್ಲ ಹೋ ಎಂದು ನಕ್ಕರು. ಮಹದೇವಸ್ವಾಮಿಯವರೂ ನಕ್ಕರು, ಕೈಮುಗಿದರು, ಮತ್ತೆ ಮನೆಯ ಕಡೆಗೆ ನಡೆದರು. ಈ ಸಲ ಮುಂದಕ್ಕೆ.

ರುಚಿ ಹತ್ತಿಬಿಟ್ಟಿತು. ಅಲ್ಲಿಂದಾಚೆಗೆ ಅವರು ಎಲ್ಲರನ್ನೂ ನಿಲ್ಲಿಸಿದರು. ಗೋವಿಂದರಾಜುವನ್ನು ಗೇಟಿನಲ್ಲಿ, ಹೊಸಿಲಿನಲ್ಲಿ, ಅಡುಗೆಮನೆಯ ಬಾಗಿಲಿನಲ್ಲಿ. ಕೃಷ್ಣಸ್ವಾಮಿಯವರು ಅತ್ತು ಅತ್ತು ರಾಗ ಎಳೆಯುತ್ತಿದ್ದರೆ, "ಕಟ್. ಅಷ್ಟು ಬೇಡ ಸಾರ್, ಅಂಚೆ ಕಚೇರೀಲಿ ಸ್ಟಾಂಪು ಮುಗೀತು ಅಂತ ಹೇಳ್ತಿದ್ರಲ್ಲ, ಹಾಗೆ ಹೇಳಿ" ಎಂದರು.

"ಮೂವತ್ತು ವರ್ಷದಲ್ಲಿ ನನ್ನ ಅಳು ನಿಲ್ಲಿಸಿದೋರು ಯಾರೂ ಇಲ್ಲ ಕಣ್ರೀ" ಎಂದು ಕೃಷ್ಣಸ್ವಾಮಿಯವರು ಮುಖ ದಪ್ಪ ಮಾಡಿಕೊಂಡರು. ಆದರೆ ಸ್ಟಾಂಪು ಮುಗಿದ ಹಾಗೆಯೇ ಹೇಳಿದರು. ಹೇಳಿದಾಗ ಕುಸುಮಕ್ಕ ಕಣ್ಣೊರೆಸಿಕೊಂಡರು.

ಇಪ್ಪತ್ತಾರು ಸಲ ನಿಲ್ಲಿಸಿದ ಮೇಲೆ ಉಯ್ಯಾಲೆಯ ಸನ್ನಿವೇಶ ಉಳಿಯಿತು. ಮಹದೇವಸ್ವಾಮಿಯವರು ಫ್ರೇಮ್ ಎತ್ತಿದರು, ಇಳಿಸಿದರು. ಬಿಸಿಲು ಬರುವ ಕಿಟಕಿ ಫ್ರೇಮಿನಲ್ಲಿ ಇರಲೇಬೇಕು. ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಮೇಡಂ, ಮೇಡಂ ಕೈಯಲ್ಲಿ ಕೆಂಪು ಪೆನ್ನು. ಹಜಾರದಲ್ಲಿ ಎಲ್ಲರಿಗೂ ಅರ್ಥವಾಯಿತು. ಗೋವಿಂದರಾಜು ಮೆಲ್ಲಗೆ, "ಬುಡಣ್ಣ, ಅವ್ರು ಅಂಗೇ ಇರ್ಲಿ" ಎಂದ.

ಮನೆ ಕೊಡುವವರನ್ನೇ ಎಬ್ಬಿಸುವುದು ಹೇಗೆ ಎಂದು ಮಹದೇವಸ್ವಾಮಿಯವರು ಯೋಚಿಸಿದರು. ಎಬ್ಬಿಸದಿದ್ದರೆ ತಾವು ತೋರಿಸಲು ಹೊರಟದ್ದು ತಮ್ಮ ಸಿನಿಮಾ ಆಗುವುದಿಲ್ಲ.

"ಮೇಡಂ, ನೀವು ಫ್ರೇಮಲ್ಲಿ ಬರ್ತಿದ್ದೀರ" ಎಂದರು. "ದಯವಿಟ್ಟು ಎದ್ದು ಈ ಕಡೆ ಬನ್ನಿ. ಕುರ್ಚಿನೂ."

ರಮಾಮಣಿಯವರು ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಎದ್ದು, ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ಮಹದೇವಸ್ವಾಮಿಯವರ ಹಿಂದೆ ಹಾಕಿಕೊಂಡು, ಅವರ ಭುಜದ ಮೇಲಿನಿಂದ ಫ್ರೇಮಿನೊಳಗೆ ನೋಡಿದರು. ಅಣ್ಣ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ, ನೋಡುತ್ತ, ದಡಕ್ಕನೆ ಒಟ್ಟಿಗೆ ಉಯ್ಯಾಲೆಯಲ್ಲಿ ಕೂತರು. ಸರಪಳಿ ಕಿರ್ರೆಂದಿತು. ಮೇಡಂ ಬಾಯಿಗೆ ಸೆರಗು ಇಟ್ಟುಕೊಂಡರು. ಭುಜ ಕುಲುಕುತ್ತಿತ್ತು.

ನಗು ನಿಂತ ಮೇಲೆ ನೋಟ್‌ಬುಕ್ಕು ತೆರೆದರು.

"ನೂರಕ್ಕೆ ಐವತ್ತೆಂಟು. ಮಾತು ಮರೆತದ್ದಕ್ಕೆ ಇಪ್ಪತ್ತು ಕಳೆದಿದ್ದೀನಿ. ಸರ್ಕಲ್‌ವರೆಗೂ ಹೋದದ್ದಕ್ಕೆ ಮೂವತ್ತು. ನನ್ನನ್ನ ಎಬ್ಬಿಸಿದ್ದಕ್ಕೆ ಎಂಟು ಸೇರಿಸಿದ್ದೀನಿ. ಶನಿವಾರ ಐದೂವರೆಗೆ ಗೇಟು ತೆಗೆದಿರ್ತೀನಿ, ಬನ್ನಿ."

ಗೋವಿಂದರಾಜು ಕೃಷ್ಣಸ್ವಾಮಿಯವರನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಅವರು "ಬೆನ್ನು, ಬೆನ್ನು!" ಎಂದು ಕೂಗಿದರು. ಮಹದೇವಸ್ವಾಮಿಯವರು ಫ್ರೇಮ್ ಎತ್ತಿ ಹಿಡಿದೇ ಹಜಾರದ ಮಧ್ಯೆ ನಿಂತಿದ್ದರು. ಕುಸುಮಕ್ಕ ಅವರ ಕೈಯಿಂದ ಫೋಟೋ ಫ್ರೇಮ್ ತೆಗೆದುಕೊಂಡು, "ಸಾಕು, ಇಳಿಸಿ, ಕೈ ನೋಯುತ್ತೆ" ಎಂದರು.

ಇವತ್ತು ಶುಕ್ರವಾರ. ಲೈಟುಗಳನ್ನು ಗೋವಿಂದರಾಜು ತನ್ನ ಆಟೋದಲ್ಲಿ ಸಾಗಿಸಿ ಆಯಿತು. ಕುಸುಮಕ್ಕ ಬೆಳಗಿನ ಪೂಜೆಗೆ ತೆಂಗಿನಕಾಯಿ ತೆಗೆದಿಟ್ಟಿದ್ದಾರೆ. ಮಹದೇವಸ್ವಾಮಿಯವರು ಪಟ್ಟಿಯನ್ನು ಐದನೇ ಸಲ ಓದುತ್ತಿದ್ದಾರೆ, ಓದುತ್ತ ಓದುತ್ತ ಗೋಡೆಗೆ, ಕುರ್ಚಿಗೆ, ಬೆಕ್ಕಿಗೆ 'ಕಟ್' ಅನ್ನುತ್ತಿದ್ದಾರೆ.

ನಾಳೆ ಬೆಳಿಗ್ಗೆ ನಾಲ್ಕೂವರೆಗೆ ನಾನು ಎದ್ದು, ಅವರ ಜೊತೆ ಕೃಷ್ಣಮೂರ್ತಿಪುರಂಗೆ ಹೋಗುತ್ತೇನೆ. ಪ್ರತಿ ಶಾಟಿನ ಕೊನೆಯಲ್ಲಿ ಯಾರ ಅಂಗಿಯ ಯಾವ ಗುಂಡಿ ಬಿಚ್ಚಿತ್ತು, ಬಾಗಿಲು ಎಷ್ಟು ತೆರೆದಿತ್ತು ಎಂದು, ಮುಂದಿನ ಶಾಟು ಅದಕ್ಕೆ ಹೊಂದಲೆಂದು, ನೋಡಿ ಬರೆದುಕೊಳ್ಳುವ ಕೆಲಸ ನನಗೆ ಕೊಟ್ಟಿದ್ದಾರೆ. ಅದನ್ನು ಮಾಡುತ್ತೇನೆ.